ಜೀತೂ ಭಯ್ಯಾ ಯಾಕೆ 'ಸರ್' ಅಲ್ಲ?

'ಕೋಟಾ ಫ್ಯಾಕ್ಟರಿ'ಯ ಮೂರನೇ ಸೀಸನ್ ಶುರುವಾಗೋ ಹೊತ್ತಿಗೆ ಜೀತೂ ಭಯ್ಯಾ ಪಾಠ ಮಾಡ್ತಾ ಇಲ್ಲ. ಮಕ್ಕಳ ಫೋನ್ ಎತ್ತಿಕೊಳ್ಳೋ ಸ್ಥಿತಿಯಲ್ಲೂ ಇಲ್ಲ. ತನ್ನ ವಿದ್ಯಾರ್ಥಿನಿಯೊಬ್ಬಳು ಜೀವ ಕಳೆದುಕೊಂಡ ಮೇಲೆ ಈ ಮೇಷ್ಟ್ರು ಮನೋವೈದ್ಯೆ ಸುಧಾ ಅವರ ಎದುರು ಹೋಗಿ ಕೂತಿದ್ದಾನೆ. ಆಕೆ ಕೇಳೋ ಒಂದು ಪ್ರಶ್ನೆ ಇಡೀ ಸರಣಿಯ ಬೀಗದ ಕೈ ಥರ ಇದೆ. ಎಲ್ಲರೂ ನಿನ್ನನ್ನು ಭಯ್ಯಾ ಅಂತಾರಲ್ಲ, ಸರ್ ಅಂತ ಯಾಕೆ ಅನ್ನೋದಿಲ್ಲ?

ಅವನ ಉತ್ತರದ ಸಾರ ಇಷ್ಟು: ಲೋಕಕ್ಕೆ ಇವರು ಜೆಇಇ ಅಭ್ಯರ್ಥಿಗಳು, ನನ್ನ ಕಣ್ಣಿಗೆ ಮಾತ್ರ ಹದಿನೈದು ಹದಿನಾರರ ಮಕ್ಕಳು. ಮೇಷ್ಟ್ರು ಗದರಿದರೆ ಅವರಿಗೆ ನೋವಾಗುತ್ತೆ, ಗೆಳೆಯ ಮುನಿಸಿಕೊಂಡರೆ ನಿದ್ದೆ ಬರೋಲ್ಲ. ಅವರ ಭಾರವನ್ನ ಸ್ವಲ್ಪವಾದರೂ ಹೊತ್ತುಕೊಳ್ಳೋಕೆ ಸರ್ ಸಾಲದು, ಅಣ್ಣ ಬೇಕು.

ಈ ದೃಶ್ಯ ನೋಡಿ ಕಣ್ಣು ಒರೆಸಿಕೊಂಡವರು ನಮ್ಮ ಆಫೀಸಿನಲ್ಲೇ ಹತ್ತಾರು ಜನ. ಪಿಯು ಹಾಸ್ಟೆಲ್ಲು, ಸಿಇಟಿ, ಎಂಜಿನಿಯರಿಂಗು ಅಂತ ಅದೇ ಗಾಣದಲ್ಲಿ ಸುತ್ತಿ ಬಂದವರು ನಾವು, ಕಣ್ಣು ಒದ್ದೆಯಾಗೋದು ಸಹಜ. ಆದ್ರೆ ದೃಶ್ಯ ಚೆನ್ನಾಗಿದೆ ಅಂದ ಮಾತ್ರಕ್ಕೆ ಅದರ ಉತ್ತರವೂ ಸರಿ ಅಂತ ಆಗೋದಿಲ್ಲ. ನನ್ನ ಪ್ರಕಾರ ಈ ಸರಣಿ ಮೇಷ್ಟ್ರು ಮತ್ತು ವಿದ್ಯಾರ್ಥಿಯ ನಡುವಿನ ನಂಬಿಕೆಯ ಬಗ್ಗೆ ಒಂದು ಬಹಳ ದೊಡ್ಡ ಸತ್ಯದ ಬಾಗಿಲವರೆಗೂ ನಮ್ಮನ್ನ ಕರ್ಕೊಂಡು ಹೋಗುತ್ತೆ. ಬಾಗಿಲು ಮಾತ್ರ ತಟ್ಟೋದಿಲ್ಲ.

ನೋಡದೇ ಇರೋವ್ರಿಗೆ ಚೂರು ಹಿನ್ನೆಲೆ. ಟಿವಿಎಫ್‌ನವರು 2019ರಲ್ಲಿ ಮೊದಲ ಸೀಸನ್ ಬಿಟ್ಟರು. ಎರಡನೆಯದು 2021ರಲ್ಲಿ, ಮೂರನೆಯದು 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಇಟಾರ್ಸಿಯ ವೈಭವ್ ಪಾಂಡೆ ಐಐಟಿ ಕನಸು ಹೊತ್ತು ರಾಜಸ್ಥಾನದ ಕೋಟಾಕ್ಕೆ ಬರ್ತಾನೆ. ಬರೋದು ತಡವಾದ್ದರಿಂದ ಕೆಳಗಿನ ಬ್ಯಾಚು ಸಿಗುತ್ತೆ. ಊರಿಗೆ ಊರೇ ಕೋಚಿಂಗ್ ಮೇಲೆ ನಿಂತಿದೆ. ಹಾಸ್ಟೆಲ್ಲು, ಮೆಸ್ಸು, ಬಾಡಿಗೆ ಸೈಕಲ್ಲು, ಗೋಡೆಗೋಡೆಯ ಮೇಲೆ ರ‍್ಯಾಂಕ್ ಬಂದವರ ಫೋಟೋ. ಚಿತ್ರೀಕರಣ ಕಪ್ಪು ಬಿಳುಪಿನದು. ಮೊದಲ ಸೀಸನ್ನಿನ ಕಂತುಗಳ ಹೆಸರು ನೋಡಿ: ಇನ್ವೆಂಟರಿ, ಅಸೆಂಬ್ಲಿ ಲೈನ್, ಆಪ್ಟಿಮೈಸೇಶನ್, ಶಟ್‌ಡೌನ್, ಓವರ್‌ಹಾಲ್. ಎಲ್ಲವೂ ಕಾರ್ಖಾನೆಯ ಶಬ್ದಗಳೇ. ಹುಡುಗ ಕಚ್ಚಾ ಮಾಲು, ರ‍್ಯಾಂಕು ಸಿದ್ಧವಸ್ತು. ನಮ್ಮಂಥ ಸಾಫ್ಟ್‌ವೇರಿನವರಿಗೆ ಈ ವ್ಯಂಗ್ಯವನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾರ್ಖಾನೆಯೊಳಗೆ ಭೌತಶಾಸ್ತ್ರದ ಮೇಷ್ಟ್ರು ಜೀತೂ ಭಯ್ಯಾ. ಮೊದಲ ಸೀಸನ್ನಿನಲ್ಲಿ ಹುಡುಗರು ಅವನನ್ನ ನಂಬೋದು ಯಾಕೆ ಅಂತ ಗಮನಿಸಿ. ಅವನು ಹೇಳೋ ಬುದ್ಧಿಮಾತುಗಳು ಅಂಥಾ ಹೊಸವೇನಲ್ಲ, ಯಾವ ವಾಟ್ಸಾಪ್ ಗುಂಪಿನಲ್ಲಾದರೂ ಸಿಗ್ತವೆ. ನಂಬಿಕೆ ಹುಟ್ಟೋದಕ್ಕೆ ಬೇರೆಯೇ ಕಾರಣ ಇದೆ. ಅವನು ಹುಡುಗರ ಭವಿಷ್ಯದ ಪ್ರಶ್ನೆಪತ್ರಿಕೆ ತಯಾರಿಸೋನಲ್ಲ, ಅದನ್ನ ತಿದ್ದೋನೂ ಅಲ್ಲ. ಪರೀಕ್ಷೆ ಎಲ್ಲೋ ಹೊರಗಿನದು, ದೂರದ ಯಾರೋ ನಡೆಸೋದು. ಆ ಪರೀಕ್ಷೆಯ ಎದುರು ಜೀತೂ, ವೈಭವ್, ಮೀನಾ, ಉದಯ್ ಎಲ್ಲ ಒಂದೇ ಪಕ್ಷ. ಶಾಲೆಯಲ್ಲಿ ಮೇಷ್ಟ್ರು ಬಲೆಯ ಆಚೆ ಬದಿಗೆ ನಿಂತಿರ್ತಾರೆ, ಇಲ್ಲಿ ಈಚೆಗೆ ಬಂದು ಪಕ್ಕದಲ್ಲಿ ನಿಂತಿದ್ದಾರೆ. ಸೀಸನ್ನಿನ ಕೊನೆಗೆ ವೈಭವ್ ಹೆಚ್ಚು ಹೆಸರಿರೋ ಇನ್ನೊಂದು ಕೋಚಿಂಗ್‌ಗೆ ಹೊರಟುಹೋಗ್ತಾನೆ. ಆಮೇಲೂ ಕಷ್ಟ ಬಂದಾಗ ಅವನು ಹುಡುಕಿಕೊಂಡು ಬರೋದು ಜೀತೂನನ್ನೇ. ಫೀಸಿನ ರಸೀದಿ ಮುಗಿದ ಮೇಲೂ ಉಳಿದ ಸಂಬಂಧ ಅದು. ಸರಣಿಯ ಅತ್ಯಂತ ನಿಜವಾದ ಭಾಗ ಇದೇ ಅಂತ ನನಗನ್ನಿಸುತ್ತೆ.

ಇದನ್ನ ನಮ್ಮ ಭಾಷೆಗೆ ಇಳಿಸಿ ನೋಡೋಣ. ಆಫೀಸಿನಲ್ಲಿ ತಿಂಗಳಿಗೊಮ್ಮೆ ಮ್ಯಾನೇಜರ್ ಜತೆ 'ಒನ್ ಆನ್ ಒನ್' ಇರುತ್ತಲ್ಲ. ಬಾಗಿಲು ಮುಚ್ಚಿಕೊಂಡು, ಕಾಫಿ ಇಟ್ಟುಕೊಂಡು, ಮನಸ್ಸು ಬಿಚ್ಚಿ ಮಾತಾಡು ಅಂತಾರೆ. ಎಷ್ಟು ಜನ ಬಿಚ್ಚಿದ್ದೀರಿ? ನಿದ್ದೆ ಬರ್ತಿಲ್ಲ, ಕೆಲಸ ತಲೆಗೆ ಹತ್ತುತ್ತಿಲ್ಲ ಅಂತ ಎಷ್ಟು ಜನ ಹೇಳಿದ್ದೀರಿ? ಮ್ಯಾನೇಜರ್ ಕೆಟ್ಟೋನು ಅಂತಲ್ಲ. ನನ್ನ ಅನುಭವದಲ್ಲಿ ಬಹಳಷ್ಟು ಜನ ಒಳ್ಳೆಯವರೇ. ಆದ್ರೆ ಮಾರ್ಚ್ ಬಂದಾಗ ರೇಟಿಂಗ್ ಬರೆಯೋದೂ ಅದೇ ಕೈ. ಹಾಗಾಗಿ 'ಆಲ್ ಗುಡ್' ಅಂತ ಹೇಳಿ ಎದ್ದು ಬರ್ತೀವಿ. ಮೂವತ್ತು ದಾಟಿದ, ಸಂಬಳ ಎಣಿಸೋ ನಮಗೇ ಹೀಗಾದ್ರೆ, ಹದಿನಾರರ ಹುಡುಗ ತನ್ನ ಅಂಕ ಬರೆಯೋ ಮೇಷ್ಟ್ರ ಹತ್ರ ಹೋಗಿ 'ಸರ್, ಬದುಕೋದೇ ಬೇಡ ಅನ್ನಿಸ್ತಿದೆ' ಅಂತ ಹೇಳಲಿ ಅಂತ ಕಾಯ್ತಾ ಕೂರೋದು ಯಾವ ನ್ಯಾಯ?

ನಾನು ಹೇಳಬೇಕಾಗಿರೋದು ಇಷ್ಟೇ. ಅಳೆಯೋ ಕೈ ಮತ್ತು ಆಲಿಸೋ ಕಿವಿ ಒಂದೇ ಮನುಷ್ಯನದಾದಾಗ ಮಗು ಕೈಯನ್ನ ನೋಡುತ್ತೆ, ಕಿವಿಯನ್ನ ಮರೆಯುತ್ತೆ. ಒಳ್ಳೆಯ ಮೇಷ್ಟ್ರನ್ನ ಹುಡುಕೋದರಲ್ಲೇ ನಮ್ಮ ಸಿನಿಮಾಗಳು ಸುಸ್ತಾಗ್ತವೆ. ಆ ಮೇಷ್ಟ್ರ ಕೈಯಲ್ಲಿ ಏನಿದೆ ಅಂತ ಕೇಳೋದು ಕಡಿಮೆ.

ನೆನಪು ಮಾಡಿಕೊಳ್ಳಿ. 2007ರ 'ತಾರೇ ಜಮೀನ್ ಪರ್'ನ ನಿಕುಂಭ್ ಚಿತ್ರಕಲೆಯ ಮೇಷ್ಟ್ರು, ಅದೂ ತಾತ್ಕಾಲಿಕ. ಗಣಿತ, ಇಂಗ್ಲಿಷಿನ ಕೆಂಪು ಶಾಯಿ ಅವನ ಕೈಯಲ್ಲಿಲ್ಲ. ಪ್ರಸಿದ್ಧರ ಕಥೆಗಳನ್ನ ತರಗತಿಯ ಎದುರು ಹೇಳಿ, ತನಗೂ ಅದೇ ತೊಂದರೆ ಇತ್ತು ಅನ್ನೋದನ್ನ ಇಶಾನ್ ಒಬ್ಬನಿಗೇ ಹೇಳ್ತಾನೆ. ನಂಬಿಕೆ ಹುಟ್ಟೋದು ಅಲ್ಲಿ. ಆದ್ರೆ ಸಿನಿಮಾಕ್ಕೆ ಅಷ್ಟು ಸಾಕಾಗೋದಿಲ್ಲ. ಕೊನೆಗೊಂದು ಚಿತ್ರಸ್ಪರ್ಧೆ, ಅದರಲ್ಲಿ ಇಶಾನ್‌ಗೇ ಮೊದಲ ಬಹುಮಾನ. ಅಳೆಯೋದರಿಂದ ಮಗುವನ್ನ ಬಿಡಿಸಿ ತಂದವರೇ ಮತ್ತೆ ತಕ್ಕಡಿಯಲ್ಲಿ ಕೂರಿಸಿದ ಹಾಗೆ. ಬಹುಮಾನ ಬರದೇ ಇದ್ದಿದ್ದರೆ ನಿಕುಂಭ್ ಗೆದ್ದ ಅಂತ ನಾವು ಒಪ್ಪುತ್ತಿದ್ದೆವಾ?

2009ರ '3 ಈಡಿಯಟ್ಸ್' ಇನ್ನೊಂದು ತುದಿ. ಜಾಯ್ ಲೋಬೋ ಪ್ರಾಜೆಕ್ಟಿಗೆ ಒಂದಿಷ್ಟು ಸಮಯ ಕೇಳ್ತಾನೆ. ನಿರ್ದೇಶಕರು ಅವನ ಎದುರೇ ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಮಗ ಈ ವರ್ಷ ಪಾಸಾಗೋಲ್ಲ ಅಂತ ತಿಳಿಸ್ತಾರೆ. ಆ ಸಿನಿಮಾದಲ್ಲಿ ನಾವೆಲ್ಲ ಹಾಡು, ನಗು ನೆನಪಿಟ್ಟುಕೊಂಡಿದ್ದೀವಿ. ನನಗೆ ಆ ಫೋನ್ ಕರೆಯೇ ಮುಖ್ಯ. ಹುಡುಗ ತನ್ನ ದೌರ್ಬಲ್ಯ ತೋರಿಸಿಕೊಂಡ, ಅದನ್ನ ಅವನ ವಿರುದ್ಧವೇ ಬಳಸಲಾಯಿತು. ನಂಬಿಕೆ ಮುರಿಯೋಕೆ ಬೈಗುಳ ಬೇಕಾಗಿಲ್ಲ, ಹೊಡೆತ ಬೇಕಾಗಿಲ್ಲ. ಇಂಥ ಒಂದು ಕರೆ ಸಾಕು. ಇನ್ನು 2019ರ 'ಛಿಛೋರೆ'ಯಲ್ಲಿ ಎಂಟ್ರೆನ್ಸ್ ಸೋತ ಮಗನಿಗೆ ಸೋಲಿನ ಕಥೆ ಹೇಳೋದು ಅಪ್ಪ ಮತ್ತು ಅಪ್ಪನ ಗೆಳೆಯರು, ಅದೂ ಆಸ್ಪತ್ರೆಯಲ್ಲಿ, ಎಲ್ಲ ಆದ ಮೇಲೆ. ಅಲ್ಲಿ ಮೇಷ್ಟ್ರಿಗೆ ಜಾಗವೇ ಇಲ್ಲ.

ಕನ್ನಡದಲ್ಲಿ ಓದಿ ಬೆಳೆದ ಎಷ್ಟೋ ಜನಕ್ಕೆ 'ತೊತ್ತೋಚಾನ್' ಗೊತ್ತಿರುತ್ತೆ. ತೆತ್ಸುಕೋ ಕುರೋಯಾನಗಿ 1981ರಲ್ಲಿ ಬರೆದ, ತನ್ನದೇ ಬಾಲ್ಯದ ಪುಸ್ತಕ. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿಯನ್ನ ತಾಯಿ ತೊಮೋಯೆ ಅನ್ನೋ ಶಾಲೆಗೆ ಕರ್ಕೊಂಡು ಹೋಗ್ತಾಳೆ. ಮುಖ್ಯೋಪಾಧ್ಯಾಯ ಕೊಬಾಯಾಶಿ ತಾಯಿಯನ್ನ ಮನೆಗೆ ಕಳಿಸಿ, ಮಗುವಿನ ಮಾತು ಕೇಳ್ತಾ ಕೂರ್ತಾರೆ. ಎಷ್ಟು ಹೊತ್ತು? ನಾಲ್ಕು ಗಂಟೆ. ಒಮ್ಮೆಯೂ ಆಕಳಿಸದೆ. ಪ್ರವೇಶ ಪರೀಕ್ಷೆ ಇಲ್ಲ, ಹಳೇ ಶಾಲೆಯ ವರದಿಯ ವಿಚಾರಣೆ ಇಲ್ಲ. ಅಳೆಯೋ ಮೊದಲೇ ಆಲಿಸೋದು ಅಂದ್ರೆ ಇದು. ತನ್ನನ್ನ ಶಾಲೆಯಿಂದ ತೆಗೆದುಹಾಕಿದ್ದರು ಅನ್ನೋ ಸಂಗತಿಯೇ ಅವಳಿಗೆ ಗೊತ್ತಾಗಿದ್ದು ಇಪ್ಪತ್ತು ವರ್ಷ ತುಂಬಿದ ಮೇಲೆ, ತಾಯಿ ಹೇಳಿದಾಗ. ದೊಡ್ಡವರಿಬ್ಬರು ಒಂದು ಮಗುವಿನ ಬೆನ್ನಿಂದ ಒಂದು ಭಾರವನ್ನ ಸದ್ದಿಲ್ಲದೆ ಇಳಿಸಿಟ್ಟಿದ್ದರು.

ನಾಲ್ಕು ಗಂಟೆ ಯಾರ ಹತ್ರ ಇದೆ ಸ್ವಾಮೀ, ಅಂತ ಈಗಿನ ಮೇಷ್ಟ್ರುಗಳು ಕೇಳಬಹುದು. ಅರವತ್ತು ಎಪ್ಪತ್ತು ಮಕ್ಕಳ ತರಗತಿ, ಮುಗಿಸಬೇಕಾದ ಸಿಲೆಬಸ್, ಅದರ ಮೇಲೆ ಗಣತಿ, ಚುನಾವಣೆ ಡ್ಯೂಟಿ. ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಎಲ್ಲದಕ್ಕೂ ನಾಲ್ಕು ಗಂಟೆ ಬೇಕಾಗೋದೂ ಇಲ್ಲ.

ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಹಳ್ಳಿ ಶಾಲೆ ಅಂದ ಕೂಡಲೇ ಪ್ರೀತಿಯ ಹೊಳೆ ಹರೀತಿತ್ತು ಅಂದ್ಕೋಬೇಡಿ. ಅದೇ ಶಾಲೆಯಲ್ಲಿ ಹುಣಸೆ ಬರಲು ಕೂಡ ಇತ್ತು, ಅದು ಮುರಿಯೋ ಹಾಗೆ ಬಾರಿಸೋರೂ ಇದ್ದರು. ಈ ಮೇಷ್ಟ್ರು ಬೇರೆ ಥರ. ನನ್ನ ಸಹಪಾಠಿಯೊಬ್ಬ ಅವರಪ್ಪ ತೀರಿಕೊಂಡ ಮೇಲೆ ಮಾತೇ ನಿಲ್ಲಿಸಿಬಿಟ್ಟಿದ್ದ. ಮೇಷ್ಟ್ರು ಅವನನ್ನ ಕರೆದು ಏನಾಯ್ತೋ, ಹೇಳೋ ಅಂತ ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಲ್ಯಾಬಿನಲ್ಲಿ ಪ್ರನಾಳ ತೊಳೆಯೋ ಕೆಲಸ ಕೊಟ್ಟರು. ಇವನು ತೊಳೀತಿದ್ದ, ಅವರು ಪಕ್ಕದಲ್ಲಿ ಕೂತು ಪೇಪರ್ ಓದ್ತಿದ್ದರು. ಎರಡು ವಾರ ಹೀಗೇ ನಡೀತು. ಮೂರನೇ ವಾರ ಹುಡುಗ ತಾನಾಗೇ ಬಾಯಿ ಬಿಟ್ಟ. ಸಾಲದ ವಿಷಯ, ಅಮ್ಮನ ವಿಷಯ, ಶಾಲೆ ಬಿಡಬೇಕು ಅಂದುಕೊಂಡ ವಿಷಯ. ಆ ಮಾತು ಲ್ಯಾಬಿನಿಂದ ಆಚೆ ಬರಲಿಲ್ಲ. ಅವನೇ ಎಷ್ಟೋ ವರ್ಷದ ಮೇಲೆ ಹೇಳಿದ್ದರಿಂದ ನನಗೆ ಗೊತ್ತು.

ಇವರೂ ನಮಗೆ ಅಂಕ ಹಾಕ್ತಿದ್ದರಲ್ಲ, ನಿನ್ನ ವಾದ ಇಲ್ಲೇ ಬಿದ್ದುಹೋಯ್ತಲ್ಲ ಅಂತ ನೀವು ಕೇಳಬಹುದು. ಹೌದು, ಹಾಕ್ತಿದ್ದರು. ಆದ್ರೆ ಲ್ಯಾಬಿಗೆ ಬರುವಾಗ ಅಂಕದ ರಿಜಿಸ್ಟರ್ ಸ್ಟಾಫ್ ರೂಮಿನಲ್ಲೇ ಇರ್ತಿತ್ತು. ಲ್ಯಾಬಿನಲ್ಲಿ ಹೇಳಿದ್ದು ತರಗತಿಯಲ್ಲಿ ಉದಾಹರಣೆಯಾಗಿ ಬರಲಿಲ್ಲ. ಒಬ್ಬನೇ ಮನುಷ್ಯ ಎರಡೂ ಕೆಲಸ ಮಾಡಬಲ್ಲ, ಎರಡರ ನಡುವೆ ಗೋಡೆ ಇಟ್ಟುಕೊಂಡರೆ. ಆ ಗೋಡೆ ಇದೆ ಅನ್ನೋದು ಮಕ್ಕಳಿಗೆ ಕಾಣಬೇಕು, ಅಷ್ಟೇ.

ಅದಾಗಿ ಎರಡು ವರ್ಷಕ್ಕೆ ನಗರದ ಒಂದು ಪಿಯು ಕಾಲೇಜಿನ ಹಾಸ್ಟೆಲ್ ಸೇರಿದೆ. ಅಲ್ಲಿ ಪ್ರತಿ ವಾರ ಟೆಸ್ಟು, ಪ್ರತಿ ಸೋಮವಾರ ನೋಟಿಸ್ ಬೋರ್ಡಿನಲ್ಲಿ ರ‍್ಯಾಂಕ್ ಪಟ್ಟಿ. ಕೊನೆಯ ಹತ್ತು ಹೆಸರಿನ ಕೆಳಗೆ ಕೆಂಪು ಗೆರೆ. ಕೌನ್ಸೆಲರ್ ಕೂಡ ಇದ್ದರು, ಸುಳ್ಳು ಹೇಳಬಾರದು. ಆದ್ರೆ ಅವರನ್ನ ಕಾಣಬೇಕಾದ್ರೆ ಪ್ರಿನ್ಸಿಪಾಲರ ಕೊಠಡಿ ಪಕ್ಕದಲ್ಲಿದ್ದ ಪುಸ್ತಕದಲ್ಲಿ ಹೆಸರು, ಸೆಕ್ಷನ್, ಸಮಯ ಬರೀಬೇಕು. ನಾಲ್ಕನೇ ಕಾಲಮ್ಮು 'ಕಾರಣ'. ನಾನಿದ್ದ ಎರಡು ವರ್ಷದಲ್ಲಿ ಆ ಪುಸ್ತಕದ ಮೊದಲ ಪುಟ ತುಂಬಿದ್ದನ್ನ ನಾನು ನೋಡಲಿಲ್ಲ. ಮಕ್ಕಳಿಗೆ ತೊಂದರೆಯೇ ಇಲ್ಲ ಅಂತ ಆಡಳಿತ ಮಂಡಳಿ ಅಂದುಕೊಂಡಿರಬಹುದು.

ಈಗ ಮತ್ತೆ ಸರಣಿಗೆ ಬರ್ತೀನಿ. ಎರಡನೇ ಸೀಸನ್ನಿನಲ್ಲಿ ಜೀತೂ ಇನ್ನೊಬ್ಬರ ಕೋಚಿಂಗ್ ಬಿಟ್ಟು ತನ್ನದೇ 'ಏಮರ್ಸ್' ಶುರು ಮಾಡ್ತಾನೆ. ಉದ್ದೇಶ ಒಳ್ಳೆಯದೇ, ತನ್ನ ಮನಸ್ಸಿಗೆ ಬಂದ ಹಾಗೆ ಕಲಿಸೋದು. ಆದ್ರೆ ಕೋಚಿಂಗ್ ಮಾಲೀಕನಿಗೆ ಮಕ್ಕಳ ಫಲಿತಾಂಶವೇ ಜಾಹೀರಾತು. ಈವರೆಗೆ ಬಲೆಯ ಈಚೆಗಿದ್ದ ಅಣ್ಣ ಗೊತ್ತಿಲ್ಲದೆಯೇ ಆಚೆಗೂ ಒಂದು ಕಾಲಿಟ್ಟ. ಫಲಿತಾಂಶದ ಸಂಭ್ರಮದ ನಡುವೆಯೇ ವಿದ್ಯಾರ್ಥಿನಿಯ ಸಾವಿನ ಸುದ್ದಿ ಬರೋ ಹಾಗೆ ಕಥೆ ಹೆಣೆದವರಿಗೆ ಈ ಬಿಕ್ಕಟ್ಟು ಗೊತ್ತಿತ್ತು ಅಂತಲೇ ನಾನು ಓದಿಕೊಂಡೆ. ಮೂರನೇ ಸೀಸನ್ ಇದನ್ನ ಮುಂದುವರಿಸುತ್ತೆ ಅಂತ ಕಾದೆ.

ಮೂರನೇ ಸೀಸನ್ ಹಿಡಿದದ್ದು ಬೇರೆ ದಾರಿ. ಮೇಷ್ಟ್ರ ದುಃಖ, ಮೇಷ್ಟ್ರ ಅಪರಾಧಪ್ರಜ್ಞೆ, ಮೇಷ್ಟ್ರ ಚಿಕಿತ್ಸೆ. ಇದರಲ್ಲೂ ಬೆಲೆಯಿದೆ, ಇಲ್ಲ ಅನ್ನೋಲ್ಲ. ಮಕ್ಕಳ ಭಾರ ಹೊರೋನಿಗೂ ಬೆನ್ನು ಅಂತ ಒಂದಿದೆ, ಅದೂ ಮುರಿಯುತ್ತೆ, ಅವನೂ ಯಾರದೋ ಎದುರು ಕೂತು ಅಳಬಹುದು ಅಂತ ತೋರಿಸಿದ ಹಿಂದಿ ಕಥೆಗಳು ಎಷ್ಟಿವೆ? ಸುಧಾ ಪಾತ್ರ ಮಾಡಿದ ಸೊಹೈಲಾ ಕಪೂರ್ ಅವರ ಶಾಂತ ದನಿ, ಜಿತೇಂದ್ರ ಕುಮಾರ್ ಅವರ ತಗ್ಗಿದ ಕಣ್ಣು ಎರಡೂ ನಂಬಿಸುತ್ತವೆ. ವೈಭವ್‌ಗೆ ಕೊನೆಗೂ ಐಐಟಿ ಸಿಗೋದಿಲ್ಲ ಅನ್ನೋದು ಇನ್ನೊಂದು ಧೈರ್ಯದ ನಿರ್ಧಾರ. 'ತಾರೇ ಜಮೀನ್ ಪರ್'ನ ಬಹುಮಾನದ ಆಸೆಯನ್ನ ಈ ಸರಣಿ ಗೆದ್ದಿದೆ.

ಆದ್ರೆ ತೀರಿಕೊಂಡ ಆ ಹುಡುಗಿ? ಅವಳ ದಿನಗಳು ಹೇಗಿದ್ದವು, ಯಾರ ಹತ್ರ ಏನು ಹೇಳೋಕೆ ಹೋಗಿದ್ದಳು, ಹೇಳದೇ ಯಾಕೆ ವಾಪಸ್ ಬಂದಳು ಅನ್ನೋದಕ್ಕಿಂತ, ಅವಳ ಸಾವು ಜೀತೂಗೆ ಏನು ಮಾಡಿತು ಅನ್ನೋದರ ಮೇಲೇ ಕ್ಯಾಮೆರಾ ನಿಲ್ಲುತ್ತೆ. ಮತ್ತೆ ಸರಣಿ ಕೇಳದೇ ಬಿಟ್ಟ ಸರಳ ಲೆಕ್ಕ ಒಂದಿದೆ. ಒಬ್ಬ ಭಯ್ಯಾಗೆ ಎಷ್ಟು ಜನ ತಮ್ಮ ತಂಗಿಯರು? ನಂಬಿಕೆಯನ್ನ ಒಬ್ಬ ಅಸಾಮಾನ್ಯ ಮನುಷ್ಯನ ಮೇಲೆ ನಿಲ್ಲಿಸಿದ್ರೆ ಅವನು ಮಲಗಿದ ದಿನ ಇಡೀ ವ್ಯವಸ್ಥೆ ಮಲಗುತ್ತೆ. ನಮ್ಮ ಭಾಷೆಯಲ್ಲಿ ಇದಕ್ಕೆ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತೀವಿ. ಯಾವ ಜೂನಿಯರ್ ಎಂಜಿನಿಯರ್ ಕೂಡ ಇಂಥ ಡಿಸೈನ್ ಒಪ್ಪೋಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಚಪ್ಪಾಳೆ ಹೊಡೀತೀವಿ.

ವಿಚಿತ್ರ ಅಂದ್ರೆ ಈ ವಿಷಯದಲ್ಲಿ ನಿಜವಾದ ಕೋಟಾ ಸರಣಿಗಿಂತ ಒಂದು ಹೆಜ್ಜೆ ಮುಂದಿದೆ. 2023ರ ಆಗಸ್ಟಿನಲ್ಲಿ ಒಂದೇ ದಿನ ಇಬ್ಬರು ವಿದ್ಯಾರ್ಥಿಗಳು ತೀರಿಕೊಂಡಾಗ ಜಿಲ್ಲಾಡಳಿತ ಮೊದಲು ಮಾಡಿದ್ದು ಕೋಚಿಂಗ್ ಸೆಂಟರುಗಳ ಟೆಸ್ಟುಗಳನ್ನ ಎರಡು ತಿಂಗಳ ಮಟ್ಟಿಗೆ ನಿಲ್ಲಿಸಿದ್ದು. ಅಳೆಯೋದನ್ನ ನಿಲ್ಲಿಸಿ ಅಂತ. ಅದೇ ವರ್ಷ ಪೊಲೀಸರು 'ದರ್ವಾಜೇ ಪೇ ದಸ್ತಕ್', ಅಂದ್ರೆ ಬಾಗಿಲು ತಟ್ಟಿ, ಅನ್ನೋ ಅಭಿಯಾನದಲ್ಲಿ ಹಾಸ್ಟೆಲ್ ವಾರ್ಡನ್‌ಗಳನ್ನ ಮಾತ್ರವಲ್ಲ, ಮೆಸ್ಸಿನವರನ್ನ, ಡಬ್ಬಿ ಕೊಡೋರನ್ನ ಸೇರಿಸಿಕೊಂಡರು. ಯಾವ ಮಗು ಪದೇ ಪದೇ ಊಟ ಬಿಡ್ತಿದೆ, ಯಾರ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿದೆ ಅಂತ ಗಮನಿಸಿ ತಿಳಿಸಿ ಅಂದರು. ಅಡುಗೆಯವರು ರ‍್ಯಾಂಕ್ ಕೇಳೋದಿಲ್ಲ. ಮಗು ಉಂಡಿತಾ ಇಲ್ವಾ ಅನ್ನೋದಷ್ಟೇ ಅವರ ಕಣ್ಣಿಗೆ ಬೀಳೋದು.

ಇನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿ ಹಾಕಿಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಕಡೆ ಅರ್ಹ ಕೌನ್ಸೆಲರ್ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಕೌನ್ಸೆಲರ್ ವಿಷಯ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಾಲು: ಅಂಕದ ಆಧಾರದ ಮೇಲೆ ಬ್ಯಾಚು ಒಡೆಯೋದು, ಎಲ್ಲರೆದುರು ಅವಮಾನ ಮಾಡೋದು ಆದಷ್ಟೂ ನಿಲ್ಲಬೇಕು ಅನ್ನೋದು. ವೈಭವ್‌ನ ಕೆಳಗಿನ ಬ್ಯಾಚು, ನಮ್ಮ ಹಾಸ್ಟೆಲ್ಲಿನ ಕೆಂಪು ಗೆರೆ ಎರಡೂ ಈ ಸಾಲಿನೊಳಗೆ ಬರ್ತವೆ. ಕೌನ್ಸೆಲರ್ ನೇಮಿಸಿ, ಸೋಮವಾರದ ಪಟ್ಟಿಯನ್ನೂ ಹಾಗೇ ಉಳಿಸಿಕೊಂಡರೆ ಒಂದು ಕೈಯಲ್ಲಿ ಗಾಯ ಮಾಡಿ ಇನ್ನೊಂದರಲ್ಲಿ ಅರಿಶಿನ ಹಚ್ಚಿದ ಹಾಗೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಕೋಟಾದ ಸಂಖ್ಯೆ ಇದರಲ್ಲಿ ಬಹಳ ಸಣ್ಣ ಪಾಲು. ಉಳಿದವರು ನಮ್ಮ ನಿಮ್ಮ ಊರಿನಂಥ ಊರುಗಳವರು, ನೆಟ್‌ಫ್ಲಿಕ್ಸ್ ಸರಣಿಯಾಗದ ಕಾಲೇಜುಗಳವರು. ಪ್ರತಿ ಸಾವಿಗೂ ಮೇಷ್ಟ್ರೇ ಕಾರಣ ಅನ್ನೋದು ಮೂರ್ಖತನ. ಮೇಷ್ಟ್ರೊಬ್ಬರೇ ಎಲ್ಲರನ್ನೂ ಉಳಿಸಬಹುದು ಅನ್ನೋದೂ ಅಷ್ಟೇ. ಮೇಷ್ಟ್ರು ವೈದ್ಯರಲ್ಲ. ಮಗುವಿನ ಜೀವಕ್ಕೆ ಅಪಾಯ ಅನ್ನಿಸಿದಾಗ ಗುಟ್ಟು ಕಾಪಾಡ್ತೀನಿ ಅಂತ ಕೂರುವಂತಿಲ್ಲ, ಗೊತ್ತಿರೋರ ಹತ್ರ ಕರ್ಕೊಂಡು ಹೋಗಬೇಕು. ಅದನ್ನ ಮಗುವಿಗೆ ಮೊದಲೇ ಹೇಳಿರಬೇಕು: ನೀನು ಹೇಳಿದ್ದು ಇಲ್ಲೇ ಇರುತ್ತೆ, ನಿನ್ನ ಜೀವದ ವಿಷಯವಾದರೆ ಮಾತ್ರ ಇನ್ನೊಬ್ಬರ ಸಹಾಯ ಕೇಳ್ತೀನಿ, ಅದೂ ನಿನಗೆ ಹೇಳಿ. ಈ ಒಂದು ವಾಕ್ಯ ಹೇಳೋಕೆ ಭಯ್ಯಾ ಆಗಬೇಕಿಲ್ಲ, ಸರ್ ಆಗಿದ್ದುಕೊಂಡೇ ಹೇಳಬಹುದು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಆ ನಂಬರನ್ನ ರ‍್ಯಾಂಕ್ ಪಟ್ಟಿ ತೆಗೆದ ಜಾಗದಲ್ಲಿ ಅಂಟಿಸಬಹುದು.

ಹಾಗಾಗಿ ಸುಧಾ ಕೇಳಿದ ಪ್ರಶ್ನೆಗೆ ಜೀತೂ ಕೊಟ್ಟ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ. ಎಲ್ಲ ಮೇಷ್ಟ್ರೂ ಅಣ್ಣಂದಿರಾಗಲಿ ಅಂತ ಬಯಸೋದು ಸುಲಭ, ಅದು ಯಾರಿಗೂ ಖರ್ಚಿಲ್ಲದ ಆಸೆ. ಸರ್‌ಗಳ ಕೈಯಿಂದ ವಾರದಲ್ಲಿ ಒಂದು ಗಂಟೆಯಾದರೂ ಕೆಂಪು ಪೆನ್ನು ಇಳಿಸಿ, ಆ ಗಂಟೆಯನ್ನ ಟೈಮ್‌ಟೇಬಲ್ಲಿನಲ್ಲೇ ಬರೆದುಕೊಡೋದಕ್ಕೆ ಖರ್ಚಿದೆ. ಆಡಳಿತ ಮಂಡಳಿಗಳು ಅದಕ್ಕೆ ಸುಲಭವಾಗಿ ಒಪ್ಪೋಲ್ಲ. ನಮ್ಮಲ್ಲಿ ಎಷ್ಟೋ ಜನ ಈಗ ಅಪ್ಪ ಅಮ್ಮ ಆಗಿದ್ದೀವಿ, ಅಡ್ಮಿಶನ್‌ಗೆ ಅಂತ ಶಾಲೆ ಕಾಲೇಜು ಸುತ್ತೋ ದಿನ ಬರ್ತಿದೆ. ಲ್ಯಾಬ್ ತೋರಿಸ್ತಾರೆ, ಈಜುಕೊಳ ತೋರಿಸ್ತಾರೆ, ಕಳೆದ ವರ್ಷದ ರ‍್ಯಾಂಕ್ ತೋರಿಸ್ತಾರೆ. ಕೌನ್ಸೆಲರ್ ರೂಮಿನ ಬಾಗಿಲು ಎಲ್ಲಿದೆ, ಅಲ್ಲಿಗೆ ಹೋಗೋಕೆ ಯಾವ ಪುಸ್ತಕದಲ್ಲಿ ಏನು ಬರೀಬೇಕು ಅಂತ ಅವರು ತಾವಾಗಿ ತೋರಿಸೋಲ್ಲ. ನಾವೇ ಕೇಳಬೇಕು.